ಮುಂದಿನ ಚಕ್ರದ ನಡುಕ

ನನ್ನ ಕೆಲಸ ಜನರ ತೋಳಿನಿಂದ ರಕ್ತ ತೆಗೆಯುವುದು. ಯಶವಂತಪುರದ ಸಣ್ಣದೊಂದು ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಅದನ್ನೇ ಮಾಡಿದೆ. ಜಂಬ ಅಂತಲೇ ಅನ್ನಿ, ಒಂದೇ ಸಲಕ್ಕೆ ನರ ಹಿಡಿಯುವವನು ಎಂದು ನನಗೆ ಹೆಸರಿತ್ತು. ಸೂಜಿ ಕಂಡರೆ ಬೆವರುವ ಜನ, ಬೇರೆಯವರು ಖಾಲಿ ಕೂತಿದ್ದರೂ, ನನಗಾಗಿ ಬೆಂಚಿನ ಮೇಲೆ ಅರ್ಧ ಗಂಟೆ ಕಾಯುತ್ತಿದ್ದರು. ಅದನ್ನು ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಐವತ್ತೆರಡು ತುಂಬಿದ ವರ್ಷ ನನಗಿದ್ದದ್ದು ಒಂದೇ ಹೆದರಿಕೆ. ಅಪ್ಪನ ಕೈ ನಡುಗಲು ಶುರುವಾದದ್ದು ಅದೇ ವಯಸ್ಸಿನಲ್ಲಿ. ಮೊದಲು ಬ್ಯಾಂಕಿನವರು ಸಹಿ ಹೊಂದುವುದಿಲ್ಲ ಎಂದು ಚೆಕ್ಕನ್ನು ವಾಪಸು ಕೊಟ್ಟರು. ಆಮೇಲೆ ಅಪ್ಪ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟರು. ಪಂಕ್ತಿಯಲ್ಲಿ ಕೂತರೆ ಸಾರನ್ನದ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಪಂಚೆಯ ಮೇಲೆ ಬಿದ್ದಿರುತ್ತಿತ್ತು. ದೊಡ್ಡಪ್ಪನಿಗೂ ಹಾಗೇ ಆಗಿತ್ತಂತೆ. ಮನೆತನದಲ್ಲಿ ಬರುವ ನಡುಕ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದಿದ್ದರು ಡಾಕ್ಟರು. ಪ್ರಾಣಕ್ಕಿಲ್ಲ, ನಿಜ. ಆದರೆ ಅದು ನನಗೆ ಬಂದರೆ ಸೂಜಿ ಕೆಳಗಿಡಬೇಕು, ಸೂಜಿ ಬಿಟ್ಟರೆ ನನಗೆ ಬೇರೆ ಏನೂ ಬಾರದು. ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಭಾನುವಾರಗಳಲ್ಲಿ ನನಗೆ ಇನ್ನೊಂದು ಹುಚ್ಚು. ರಿಮೋಟಿನಲ್ಲಿ ಓಡಿಸುವ ಆಟದ ಕಾರು ಎಂದು ಹೆಂಡತಿ ಎಲ್ಲರಿಗೂ ಹೇಳುತ್ತಾಳೆ, ನನಗೆ ಮೈಯೆಲ್ಲ ಉರಿಯುತ್ತದೆ. ಬಗ್ಗಿ ಅನ್ನಬೇಕು. ಮೊಳದುದ್ದ, ಹಿಂದೆ ಮುಳ್ಳುಮುಳ್ಳಾದ ದಪ್ಪ ಚಕ್ರ, ಮಣ್ಣಿನ ದಿಬ್ಬ ಹಾರಿ ಇಳಿಯುವ ರೇಸಿನ ಗಾಡಿ ಅದು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ಒಂದೊಂದೇ ಸ್ಕ್ರೂ ಬಿಗಿದು ನಾವೇ ಕಟ್ಟಬೇಕು. ಹಾರಿ ಬಿದ್ದಾಗ ಪೆಟ್ಟು ತಡೆಯುವ ಬೆರಳುದ್ದದ ಕೊಳವೆಗಳಿಗೆ ಶಾಕ್ ಎನ್ನುತ್ತಾರೆ. ಅವಕ್ಕೆ ಎಣ್ಣೆ ತುಂಬುವಾಗ ಒಂದು ಗುಳ್ಳೆಯೂ ಒಳಗುಳಿಯಬಾರದು. ನಾನು ಸಿರಿಂಜಿನಲ್ಲಿ ತುಂಬುತ್ತಿದ್ದೆ. ಅದು ಗೊತ್ತಾದ ಮೇಲೆ ಜೊತೆಗೆ ಬಗ್ಗಿ ಓಡಿಸುವ ಗೆಳೆಯರೂ ತಮ್ಮ ಶಾಕ್‌ಗಳನ್ನು ತಂದು ನನ್ನ ಮುಂದೆ ಸುರಿಯತೊಡಗಿದರು. "ನಿನ್ ಕೈಗುಣ ಚೆನ್ನಾಗೈತೆ ಗುರು, ನೀನೇ ತುಂಬು" ಎನ್ನುತ್ತಿದ್ದ ನಮ್ಮ ಮೈದಾನದ ಯಜಮಾನ. ಕೈಗುಣ ಅನ್ನುವುದು ಡಾಕ್ಟರಿಗೆ, ಅಡಿಗೆಯವರಿಗೆ, ಸೂಲಗಿತ್ತಿಗೆ ಹೇಳುವ ಮಾತು. ನನಗೆ ಲ್ಯಾಬಿನಲ್ಲೂ ಅದನ್ನೇ ಹೇಳುತ್ತಿದ್ದರು, ಮಣ್ಣಿನ ಮೈದಾನದಲ್ಲೂ ಅದನ್ನೇ. ತಲೆಗೆ ಏರದೆ ಇರುತ್ತದೆಯೇ?

ಈ ಯಜಮಾನ ಮಾಕಳಿಯವನು. ತಾತನ ರಾಗಿ ಹೊಲವನ್ನು ಸೈಟು ಮಾಡಿ, ಕಲ್ಲು ನೆಟ್ಟು, ಮುಕ್ಕಾಲು ಭಾಗ ಮಾರಿದ್ದ. ಉಳಿದ ಮೂಲೆಯಲ್ಲಿ ಜೆಸಿಬಿ ತರಿಸಿ ನಮಗೋಸ್ಕರ ದಿಬ್ಬ, ತಿರುವು ಎಲ್ಲ ಮಾಡಿಸಿದ. ತಲೆಯ ಮೇಲೆ ಹೈಟೆನ್ಷನ್ ತಂತಿಗಳು ಹಾದುಹೋಗುತ್ತಿದ್ದವು. ಸುತ್ತ ಮನೆಯಿಲ್ಲ, ಮರವಿಲ್ಲ, ಬರೀ ನಂಬರು ಬರೆದ ಕಲ್ಲುಗಳು.

ಯುಗಾದಿ ಕಳೆದು ಎರಡು ವಾರವಾಗಿತ್ತು. ಮಟಮಟ ಮಧ್ಯಾಹ್ನ. ಹೊಸದಾಗಿ ಕಟ್ಟಿದ ಬಗ್ಗಿಯನ್ನು ಓಟದ ಗೆರೆಯ ಮೇಲಿಟ್ಟು ರಿಮೋಟನ್ನು ಕೈಗೆತ್ತಿಕೊಂಡೆ. ಅದು ಪಿಸ್ತೂಲಿನ ಆಕಾರದ್ದು. ಎಡಗೈ ಬೆರಳಲ್ಲಿ ಟ್ರಿಗರ್ ಎಳೆದರೆ ವೇಗ, ಪಕ್ಕದ ಪುಟ್ಟ ಸ್ಟೀರಿಂಗನ್ನು ಬಲಗೈಯಲ್ಲಿ ತಿರುಗಿಸಿದರೆ ಬಗ್ಗಿಯ ಮುಂದಿನ ಚಕ್ರಗಳು ತಿರುಗುತ್ತವೆ. ನಾನಿನ್ನೂ ಏನನ್ನೂ ತಿರುಗಿಸಿರಲಿಲ್ಲ, ಕೈ ಇಟ್ಟಿದ್ದೆ ಅಷ್ಟೆ. ಬಗ್ಗಿ ನಿಂತಲ್ಲೇ ನಿಂತಿತ್ತು, ಅದರ ಮುಂದಿನ ಎರಡು ಚಕ್ರಗಳು ಮಾತ್ರ ನಡುಗುತ್ತಿದ್ದವು. ಹತ್ತಿರ ಹೋಗಿ ಕಿವಿಗೊಟ್ಟರೆ ಒಳಗಿನಿಂದ ಜೀ, ಜೀ ಎಂದು ಸಣ್ಣ ದನಿ. ಗಾಳಿ ಕೂಡ ಇರಲಿಲ್ಲ.

ರಿಮೋಟನ್ನು ನೆಲದ ಮೇಲಿಟ್ಟು ಬಗ್ಗಿಯ ಮುಚ್ಚಳ ತೆಗೆದೆ. ನಡುಕ ನಿಂತಿತು. ಮುಚ್ಚಳ ಹಾಕಿ ರಿಮೋಟ್ ಹಿಡಿದೆ, ಮತ್ತೆ ಜೀ ಎಂದಿತು. ಅಮ್ಮ ಬಂದಳೆಂದು ನಿದ್ದೆ ಬಂದಂತೆ ಮಲಗುವ ಮಗುವಿನ ಹಾಗೆ, ನಾನು ನೋಡಲು ಹೋದರೆ ಸುಮ್ಮನಾಗುತ್ತಿತ್ತು.

"ಈ ತಂತಿಗಳದ್ದೇ ಕಿತಾಪತಿ. ಸಿಗ್ನಲ್ ಕೆಡಿಸ್ತಿದೆ" ಎಂದೆ.

ಯಜಮಾನ ನಕ್ಕ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಮ್ದೆಲ್ಲ ನೆಟ್ಟಗೆ ಓಡ್ತಾವಲ್ಲಪ್ಪ?"

ಹೌದು, ಉಳಿದ ನಾಲ್ಕು ಬಗ್ಗಿಗಳೂ ಅದೇ ತಂತಿಯ ಕೆಳಗೆ ಸರಿಯಾಗಿಯೇ ಓಡುತ್ತಿದ್ದವು. ಮುಂದಿನ ಭಾನುವಾರವೂ ನನ್ನದು ಗೆರೆಯ ಮೇಲೆ ನಡುಗಿತು. ಅದರ ಮುಂದಿನ ವಾರವೂ ನಡುಗಿತು. ಓಡುವಾಗ ಅಷ್ಟಾಗಿ ತಿಳಿಯುತ್ತಿರಲಿಲ್ಲ, ನಿಂತಾಗ ಕಣ್ಣಿಗೆ ರಾಚುತ್ತಿತ್ತು. ಯಜಮಾನನ ನಗು ಮೂರನೇ ವಾರಕ್ಕೆ ನಿಂತಿತು. ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಯೋಳ್ಬಾರ್ದು ಅಂತಿದ್ದೆ. ಆ ಗೆರೆ ಆಕಿರೋ ಜಾಗದಾಗೆ ನಮ್ ತಾತನ ಬಾವಿ ಇತ್ತು. ನಾನೇ ಮುಚ್ಚಿಸ್ದೆ. ನೀರಿತ್ತು ಗುರು ಅದ್ರಾಗೆ. ಮಣ್ ಉಯ್ದಂಗೆಲ್ಲ ಮೂರು ದಿನ ಗುಳಗುಳ ಅಂತಿತ್ತು."

"ಅದಕ್ಕೂ ನನ್ನ ಗಾಡಿಗೂ ಏನೋ ಸಂಬಂಧ?"

"ನಂಗೊತ್ತಿಲ್ಲ. ಇಂಗೆ ನಡುಗೋದ್ನ ನೋಡಕ್ಕಾಗಲ್ಲ ಕಣೋ, ಒಂದ್ ಥರಾ ಆಯ್ತದೆ."

ದೇವರು ದಿಂಡರನ್ನು ಅಷ್ಟಾಗಿ ಹಚ್ಚಿಕೊಂಡವನಲ್ಲ ನಾನು. ಆದರೂ ಅವನು ತಂದ ನಿಂಬೆಹಣ್ಣನ್ನು ಬೇಡ ಎನ್ನಲಿಲ್ಲ. ಹೊಸ ಕಾರಿಗೆ ಮಾಡುವಂತೆ ಚಕ್ರದ ಕೆಳಗಿಟ್ಟು ಮುಂದಕ್ಕೆ ಬಿಟ್ಟೆ. ಬಗ್ಗಿಗೆ ಎಲ್ಲಿ ಅಷ್ಟು ಭಾರ? ನಿಂಬೆಹಣ್ಣು ಒಡೆಯಲಿಲ್ಲ, ಅದರ ಮೇಲೆ ಹತ್ತಿದ ಬಗ್ಗಿಯೇ ಅಂಗಾತ ಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಅಂಗಾತ ಬಿದ್ದ ಬಗ್ಗಿಯ ಮುಂದಿನ ಚಕ್ರಗಳು ಆಕಾಶ ನೋಡುತ್ತ ಹಾಗೇ ನಡುಗುತ್ತಿದ್ದವು. ನಗು ಒಬ್ಬೊಬ್ಬರಲ್ಲೇ ನಿಂತುಹೋಯಿತು.

ಮನೆಗೆ ತಂದು ಬಿಚ್ಚಿದೆ. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಬಾವಿಯೂ ಇಲ್ಲ, ತಂತಿಯೂ ಇಲ್ಲ. ಊಟದ ಮೇಜಿನ ಮೇಲೆ ಚಕ್ರ ನೆಲ ಮುಟ್ಟದಂತೆ ಇಟ್ಟಿಗೆಯ ಮೇಲೆ ಕೂರಿಸಿ ರಿಮೋಟ್ ಹಿಡಿದೆ. ಜೀ, ಜೀ. ಅಂದರೆ ಅದು ಮೈದಾನದಲ್ಲಿ ಉಳಿದಿಲ್ಲ, ಜೊತೆಗೇ ಬಂದಿದೆ ಎಂಬ ಯೋಚನೆ ಸುಳಿಯಿತು. ಇಂಥ ಯೋಚನೆ ಮಾಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಮುಂದಿನ ಚಕ್ರಗಳನ್ನು ತಿರುಗಿಸುವ ಪುಟ್ಟ ಮೋಟರಿಗೆ ಸರ್ವೊ ಎನ್ನುತ್ತಾರೆ. ಅದು ಕೆಟ್ಟಿರಬೇಕೆಂದು ಬದಲಾಯಿಸಿದೆ. ನಡುಕ ಹೋಗಲಿಲ್ಲ. ಸಿಗ್ನಲ್ ಹಿಡಿಯುವ ರಿಸೀವರನ್ನು ಬದಲಾಯಿಸಿದೆ, ಆಮೇಲೆ ವೈರು, ಬ್ಯಾಟರಿ, ಬೇರಿಂಗು. ಕೊನೆಗೆ ಗೆಳೆಯನೊಬ್ಬನ ರಿಮೋಟನ್ನೇ ಕೇಳಿ ತಂದೆ. ಅದನ್ನು ಹಿಡಿದರೂ ನಡುಗಿತು. ದೋಷ ಹುಡುಕುವ ಕ್ರಮ ನನಗೆ ಗೊತ್ತು: ಒಂದೊಂದನ್ನೇ ತೆಗೆಯುತ್ತ ಹೋಗಬೇಕು, ಕೊನೆಗೆ ಉಳಿದದ್ದೇ ದೋಷ. ಎಲ್ಲವನ್ನೂ ತೆಗೆದಾಗಿತ್ತು. ಉಳಿದದ್ದು ಏನು ಎಂದು ಕೇಳಿಕೊಳ್ಳಲು ಮನಸ್ಸು ಹೆದರುತ್ತಿತ್ತು, ನಾನು ಹೊಸ ಸ್ಕ್ರೂಗಳನ್ನು ಬಿಗಿಯುತ್ತ ಕೂತೆ.

ಆ ತಿಂಗಳು ಲ್ಯಾಬಿನಲ್ಲಿ ಮೂರು ಸಲ ನರ ತಪ್ಪಿತು. ಮೂವರನ್ನೂ ಗದರಿದೆ. "ನೀರು ಕುಡಿದು ಬನ್ನಿ ಅಂತ ಎಷ್ಟು ಸಲ ಹೇಳೋದು? ನರ ಒಳಗೆ ಹೋಗಿ ಕೂತ್ಕೊಂಡ್ರೆ ನಾನೇನ್ ಮಾಡ್ಲಿ?" ಒಬ್ಬ ಹೆಂಗಸಿನ ಮೊಣಕೈ ಒಳಭಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಕೆಯೇ ನನಗೆ ಸಾರಿ ಸಾರ್ ಎಂದರು.

ಒಂದು ರಜೆಯ ದಿನ, ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇರಲಿಲ್ಲ. ನಡುಗುವಾಗಲೇ ಒಳಗೆ ನೋಡಬೇಕು, ಅದಕ್ಕೆ ಇನ್ನೊಬ್ಬರು ರಿಮೋಟ್ ಹಿಡಿಯಬೇಕು ಎಂದು ಹೊಳೆದದ್ದು ಅವತ್ತು. ಅಷ್ಟು ಸಣ್ಣ ವಿಷಯ ಅಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಹೆಂಡತಿಯನ್ನು ಕೂಗಿದೆ. ಕೈ ಒರೆಸಿಕೊಳ್ಳುತ್ತ ಬಂದಳು.

"ಇದನ್ನ ಹಿಡ್ಕೋ. ಸ್ಟೀರಿಂಗ್ ಮೇಲೆ ಸುಮ್ನೆ ಕೈ ಇಟ್ಕೋ, ತಿರುಗಿಸ್ಬೇಡ."

ಅವಳು ಹಿಡಿದಳು. ನಾನು ಬಗ್ಗಿಯ ಒಳಗೆ ಇಣುಕಿದೆ. ಸದ್ದಿಲ್ಲ. ಚಕ್ರಗಳು ಕಲ್ಲಿನ ಹಾಗೆ ನಿಂತಿದ್ದವು.

"ಸರಿಯಾಗಿ ಹಿಡಿದಿದ್ದೀಯಾ?"

"ಹಿಡಿದಿದ್ದೀನಿ ಕಣ್ರೀ."

"ಸ್ವಲ್ಪ ಬಲಕ್ಕೆ ತಿರುಗ್ಸು." ಚಕ್ರಗಳು ಬಲಕ್ಕೆ ತಿರುಗಿ ನಿಂತವು. "ಎಡಕ್ಕೆ." ಎಡಕ್ಕೂ ನುಣ್ಣಗೆ ತಿರುಗಿದವು. ಅವಳು ಅದುವರೆಗೆ ರಿಮೋಟ್ ಮುಟ್ಟಿದವಳೇ ಅಲ್ಲ.

ಎದ್ದು ಅವಳ ಕೈಯಿಂದ ರಿಮೋಟ್ ತೆಗೆದುಕೊಂಡೆ. ಜೀ, ಜೀ. ಅವಳಿಗೆ ಕೊಟ್ಟೆ, ನಿಂತಿತು. ಮತ್ತೆ ತೆಗೆದುಕೊಂಡೆ. ಇನ್ನೊಂದು ಸಲ ಕೊಡಲು ಹೋದಾಗ ಅವಳು ಕೈ ಚಾಚಲಿಲ್ಲ. ಮೊದಲ ಸಲ ನಾನು ಚಕ್ರ ನೋಡುವುದನ್ನು ಬಿಟ್ಟು ನನ್ನ ಬಲಗೈಯನ್ನು ನೋಡಿದೆ. ಹೆಬ್ಬೆರಳೂ ತೋರುಬೆರಳೂ ಅಪ್ಪನವು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, ನಮ್ಮ ಊಟದ ಮೇಜಿನ ಮುಂದೆ, ಅವರ ಕೈ ನನ್ನ ಮಣಿಕಟ್ಟಿನಲ್ಲಿತ್ತು. ಬಾವಿಯ ಮಾತು ಕೇಳಿದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದೆ.

"ಸಂಕ್ರಾಂತಿಯಿಂದ. ನಿಮ್ಗೆ ಕಾಫಿ ಮುಕ್ಕಾಲು ಲೋಟಾನೇ ಕೊಡ್ತಾ ಇದ್ದೀನಿ. ತುಂಬಿಸಿದ್ರೆ ಚೆಲ್ಲುತ್ತೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಮೇಲೇ ಹಾರಾಡ್ತಿದ್ರಿ" ಎಂದಳು. ಅದು ನಿಜ, ಹಾರಾಡುತ್ತಿದ್ದೆ.

ಅವಳು ಒಳಗೆ ಹೋದ ಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ರಿಮೋಟಿನಲ್ಲಿ ಒಂದು ಸೆಟ್ಟಿಂಗ್ ಇದೆ. ಸ್ಟೀರಿಂಗಿನ ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡ, ದೊಡ್ಡದಾಗಿ ತಿರುಗಿಸಿದರೆ ಮಾತ್ರ ಕೇಳು ಎಂದು ಅದಕ್ಕೆ ಹೇಳಬಹುದು. ಒಂದೊಂದೇ ಹೆಜ್ಜೆ ಏರಿಸುತ್ತ ಹೋದೆ. ನಾಲ್ಕು, ಐದು, ಆರು. ಏಳಕ್ಕೆ ಚಕ್ರಗಳು ನಿಂತವು. ಕೈ ನಡುಗುತ್ತಲೇ ಇತ್ತು.

ಭಾನುವಾರ ಗೆರೆಯ ಮೇಲೆ ಬಗ್ಗಿ ಅಲುಗದೆ ನಿಂತಿತು. "ನೋಡ್ದಾ? ನಿಂಬೆಹಣ್ ಕೆಲ್ಸ ಮಾಡ್ತು!" ಎಂದ ಯಜಮಾನ, ನಿಜವಾಗಿಯೂ ಮನಸ್ಸು ಹಗುರಾಗಿ. ನಾನು ಹೂಂ ಎಂದೆ. ಆ ಬಿಸಿಲಿನಲ್ಲಿ ನಡುಗುವ ಕೈಯನ್ನೂ ನಡುಗದ ಚಕ್ರವನ್ನೂ ಒಟ್ಟಿಗೆ ನೋಡುತ್ತ ನಿಂತಿದ್ದೆ. ಮೊದಲಿನ ನಡುಕಕ್ಕಿಂತ ಈ ನಿಶ್ಚಲತೆಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವತ್ತು ನಾನು ಎರಡನೆಯವನಾಗಿ ಬಂದೆ, ಎಲ್ಲರೂ ಬೆನ್ನು ತಟ್ಟಿದರು.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಮೊದಲು ಬಂದದ್ದು ಹೂವು ಮಾರುವ ಒಬ್ಬ ಹೆಂಗಸು. ಸಕ್ಕರೆ ಪರೀಕ್ಷೆಗೆ ಹಸಿದುಕೊಂಡು ಬಂದಿದ್ದರು. ತೋಳಿಗೆ ಪಟ್ಟಿ ಕಟ್ಟಿದೆ, ಸ್ಪಿರಿಟ್ ಒರೆಸಿದೆ. ಬೆರಳಿಟ್ಟ ತಕ್ಷಣ ನರ ಸಿಕ್ಕಿತು, ದಪ್ಪವಾಗಿ, ನೆಟ್ಟಗೆ. ಆಕೆ ಮುಖ ಅತ್ತ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ಸೂಜಿಯ ಮುಚ್ಚಳ ತೆಗೆದೆ. ಅದರ ತುದಿ ಚರ್ಮದ ಮೇಲೆ, ಕೂದಲೆಳೆಯಷ್ಟು ಅಂತರದಲ್ಲಿ, ಅತ್ತ ಇತ್ತ ಆಡುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಆಕೆ ಕಣ್ಣು ಬಿಟ್ಟರು.

"ಏನಾಯ್ತು ಸಾ? ನರ ಸಿಗ್ತಾ ಇಲ್ವಾ? ನೀರು ಕುಡ್ಕೊಂಡೇ ಬಂದಿದ್ದೆ ಸಾ ನಾನು."

"ನಿಮ್ಮ ನರ ಚೆನ್ನಾಗೇ ಇದೆಯಮ್ಮಾ" ಎಂದೆ. "ನನ್ನ ಕೈ ಸರಿಯಿಲ್ಲ."

ಆಕೆ ಸೂಜಿಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ತೋಳನ್ನು ಮೆಲ್ಲಗೆ ಹಿಂದಕ್ಕೆಳೆದು ಸೆರಗಿನ ಒಳಗಿಟ್ಟುಕೊಂಡರು. ನಾನು ಸೂಜಿಗೆ ಮುಚ್ಚಳ ಹಾಕಲು ಎರಡು ಸಲ ತಪ್ಪಿ, ಅದನ್ನು ಹಾಗೇ ತಟ್ಟೆಯಲ್ಲಿಟ್ಟು, ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆದೆ.