ಅತ್ತೆಯವರ ಬಯಲು, ನನ್ನ ಅರೆತಲೆನೋವು

ಬಾಯಿಗೆ ಬಂದ ಮಾತನ್ನು ನುಂಗಿ ಅಭ್ಯಾಸವಿಲ್ಲದವಳು ನಾನು. ತವರು ಧಾರವಾಡ. 'ಈ ಹುಡುಗಿ ಬಾಯಿಗಿ ಒಂದು ಕೀಲಿ ಮಾಡಸಬೇಕು' ಎಂದು ನನ್ನಪ್ಪ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಕೀಲಿ ಮಾಡಿಸುವ ಮೊದಲೇ ಮದುವೆ ಮಾಡಿ ಹುಬ್ಬಳ್ಳಿಗೆ ಕಳಿಸಿದರು. ಗಂಡನದು ಹತ್ತಿ ವ್ಯಾಪಾರದ ಮನೆತನ. ಅಂಗಳದಲ್ಲಿ, ಅಟ್ಟದ ಮೇಲೆ, ಕಡೆಗೆ ಊಟದ ತಾಟಿನಲ್ಲಿ ಕೂಡ ಹತ್ತಿಯ ಎಳೆ ಹಾರಾಡುತ್ತಿದ್ದ ಮನೆ. ಆ ಮನೆಯ ಯಜಮಾನಿಕೆ ಅತ್ತೆಯವರದು. ಅವರೂ ಮಾತಿನಲ್ಲಿ ಕಡಿಮೆಯವರಲ್ಲ. ನಮ್ಮಿಬ್ಬರಿಗೂ ದಿನಕ್ಕೊಂದು ಜಗಳ ಬೇಕೇ ಬೇಕು. ಜಗಳವಿಲ್ಲದ ದಿನ ನನ್ನ ಯಜಮಾನರು ಅಂಗಡಿಯಿಂದ ಬಂದವರೇ, 'ಯಾಕ, ಯಾರಿಗಿ ಆರಾಮಿಲ್ಲ ಇವತ್ತ?' ಎಂದು ಕೇಳುತ್ತಿದ್ದರು.

ಇಂಥ ನಾನು ಒಂದೇ ಒಂದು ಮಾತನ್ನು ಆರೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಹಾಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಐವತ್ತೊಂಬತ್ತನೆಯ ಇಸವಿ, ಬೇಸಿಗೆ ಹತ್ತಿರ ಬಂದಿತ್ತು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂರನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಗಣಿತದ ತಾಸು. ಹುಡುಗಿಯರು ಒಬ್ಬೊಬ್ಬರಾಗಿ ಬಳಪದಲ್ಲಿ ಲೆಕ್ಕ ಬಿಡಿಸಿದ ಪಾಟಿ ತಂದು ತೋರಿಸುತ್ತಿದ್ದರು. ಒಬ್ಬಳ ಪಾಟಿಯಲ್ಲಿ ಉತ್ತರ ನಲವತ್ತೇಳು ಎಂದಿತ್ತು. ಬರಬೇಕಾದದ್ದು ಮುನ್ನೂರಾ ನಲವತ್ತೇಳು.

'ಮೂರು ಎಲ್ಲಿ ಹೋತು? ಬರೂ ದಾರ್‍ಯಾಗ ಉದುರಿಸಿ ಬಂದೇನು?' ಎಂದು ಅವಳ ಅಂಗೈ ಮೇಲೆ ಒಂದು ಏಟು ಹಾಕಿದೆ.

ಹುಡುಗಿ ಅಳಲಿಲ್ಲ. ನನ್ನ ಮುಖ ನೋಡಿದಳು, ಪಾಟಿ ನೋಡಿದಳು. 'ಅಕ್ಕಾರ, ಇಲ್ಲೇ ಐತಲ್ರಿ ಮೂರು' ಎಂದು ಬೆರಳಿಟ್ಟು ತೋರಿಸಿದಳು. ನನಗೆ ಆ ಬೆರಳೂ ಕಾಣಲಿಲ್ಲ. ಕಣ್ಣನ್ನು ಎಡಕ್ಕೆ ಹೊರಳಿಸಿದಾಗ ಮಾತ್ರ ದಪ್ಪಗೆ, ಸ್ಪಷ್ಟವಾಗಿ ಬರೆದ ಮೂರು ಕಾಣಿಸಿತು. ತಲೆಯೆತ್ತಿದರೆ ಹುಡುಗಿಗೆ ಅರ್ಧ ಮುಖ. ಒಂದು ಕಣ್ಣು, ಅರ್ಧ ಮೂಗು. ಉಳಿದ ಅರ್ಧ ಕತ್ತಲಾಗಿರಲಿಲ್ಲ, ಮಬ್ಬೂ ಆಗಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ, ಅಷ್ಟೆ. ನೋಡನೋಡುತ್ತ ಆ ಏನೂ ಇಲ್ಲದ ಜಾಗದ ಅಂಚಿಗೆ ಬೆಳಕು ಮಿಣುಕತೊಡಗಿತು. ನಮ್ಮ ಕಡೆ ಸೀರೆಗೆ ಕಸೂತಿ ಹಾಕುವಾಗ ದಾರ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತ ಹೋಗುತ್ತದಲ್ಲ, ಹಾಗೆ ಮುರಿಮುರಿದು, ಬಾಗಿ, ಕುದಿಯುವಂತೆ ಅಲುಗುತ್ತಿದ್ದ ಬೆಳಕು. ಕಣ್ಣು ಮುಚ್ಚಿದರೂ ಹೋಗಲಿಲ್ಲ. ಮೆಲ್ಲಗೆ ದೊಡ್ಡದಾಗುತ್ತ ಎಡಗಡೆಗೆ ಸರಿದು, ಅರ್ಧ ತಾಸಿನೊಳಗೆ ತಾನೇ ಮಾಯವಾಯಿತು. ಸದ್ಯ ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಬಲಗಡೆಯ ಅರ್ಧ ತಲೆಯೊಳಗೆ ಸುತ್ತಿಗೆ ಏಟು ಶುರುವಾಯಿತು. ವಾಂತಿ ಮಾಡಿಕೊಂಡು ಟಾಂಗಾದಲ್ಲಿ ಮನೆಗೆ ಬಂದೆ.

ಅರೆತಲೆನೋವು ನನಗೆ ಹೊಸ ಸಂಗತಿಯಲ್ಲ. ನನ್ನವ್ವನಿಗೆ ಇತ್ತು. ಸುಂಠಿ ತೇಯ್ದು ಹಣೆಗೆ ಹಚ್ಚಿಕೊಂಡು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕತ್ತಲೆ ಕೋಣೆಯಲ್ಲಿ ಮಲಗಿಬಿಡುತ್ತಿದ್ದಳು. ಆದರೆ ಅವಳದು ಬರೀ ನೋವು. ಬೆಳಕು ಗಿಳಕು ಕಂಡದ್ದನ್ನು ಅವಳು ಎಂದೂ ಹೇಳಿರಲಿಲ್ಲ. ಹಾಗಾಗಿ ನನಗೆ ಕಣ್ಣೇ ಹೋಗುತ್ತಿದೆ ಎಂಬ ಅಂಜಿಕೆ ಹತ್ತಿತು. ಪಾಟಿಯ ಮೇಲಿನ ಮೂರು ಕಾಣದ ಶಿಕ್ಷಕಿಯನ್ನು ಯಾರು ಇಟ್ಟುಕೊಂಡಾರು? ಆ ಕೆಲಸವನ್ನು ಈ ಮನೆಯಲ್ಲಿ ನಾನು ಜಗಳಾಡಿ ಉಳಿಸಿಕೊಂಡಿದ್ದೆ. ಮರುದಿನ ಆ ಹುಡುಗಿಯನ್ನು ಕರೆದು 'ತಪ್ಪು ನಂದವಾ' ಎಂದೆ. ಅಕ್ಕಾರೇ ಹಾಗೆ ಅಂದದ್ದಕ್ಕೆ ಅವಳಿಗೇ ನಾಚಿಕೆಯಾಗಿ ಓಡಿಹೋದಳು.

ಎರಡನೆಯ ಸಲ ಹಾಗೇ ಆದಾಗ ಅತ್ತೆಯವರು ಹಾಸಿಗೆಯ ಹತ್ತಿರ ಬಂದು ಕೂತರು. 'ಸಾಲಿ ಬಿಡು' ಅನ್ನುತ್ತಾರೆ, ಅಂದರೆ ಏನು ಉತ್ತರ ಕೊಡಬೇಕು ಎಂದು ನೋವಿನಲ್ಲೂ ಲೆಕ್ಕ ಹಾಕುತ್ತಿದ್ದೆ.

'ಏನ ಕಂಡಿ? ಖರೇ ಹೇಳು' ಎಂದರು.

ಹೇಳಿದೆ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ದೇವರ ಮುಂದೆ ಕೂಡುವಾಗ ಹಾಗೆ ಎಳೆದುಕೊಳ್ಳುತ್ತಿದ್ದರು.

'ಅಂಚಿಗಿ ಬೆಳಕು, ನಡುವ ಬಯಲು. ಹೌದಲ್ಲೇನು?'

ನಾನು ಎದ್ದು ಕೂತೆ. 'ನಿಮಗೂ ಕಾಣತೈತೇನ್ರಿ?'

ನಮ್ಮದು ಲಿಂಗ ಕಟ್ಟುವ ಮನೆತನ. ಬೆಳಗ್ಗೆ ಮಿಂದು, ಕೊರಳಲ್ಲಿನ ಲಿಂಗವನ್ನು ಎಡದ ಅಂಗೈಯಲ್ಲಿಟ್ಟುಕೊಂಡು, ಬರಿಯ ಹೊಟ್ಟೆಯಲ್ಲಿ, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂಡುವುದು ಪೂಜೆ. ನಾನು ಶಾಲೆಯ ಗಡಿಬಿಡಿಯಲ್ಲಿ ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅತ್ತೆಯವರು ತಾಸುಗಟ್ಟಲೆ ಕೂಡುತ್ತಿದ್ದರು. ಬಯಲು ಎಂದರೆ ನಮ್ಮವರಿಗೆ ಬರೀ ಖಾಲಿ ಜಾಗವಲ್ಲ. ಎಲ್ಲವೂ ಕಡೆಗೆ ಹೋಗಿ ಕೂಡುವುದು ಅಲ್ಲಿ. ಯಾರಾದರೂ ತೀರಿಕೊಂಡರೆ 'ಬಯಲಾದರು' ಎನ್ನುತ್ತೇವೆ.

ಅವತ್ತು ಅವರು ಹೇಳಿದ ಕಥೆ ಇಷ್ಟು. ಹರೆಯದಲ್ಲಿ ಅವರಿಗೂ ಅರೆತಲೆನೋವು. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು. ಮೂವತ್ತರ ಹತ್ತಿರ ಗಂಡ ತೀರಿಕೊಂಡರು. ಸಣ್ಣ ಮಗ, ದೊಡ್ಡ ವ್ಯಾಪಾರ, ಆಸ್ತಿಯ ಪಾಲು ನುಂಗಲು ಕಾಯುವ ಭಾಗಾದಿಗಳು. ಇವರು ಏಳಲಿಲ್ಲ, ಉಣ್ಣಲಿಲ್ಲ. ಮಾತಾಡುವುದೂ ನಿಂತಿತು. ಶಿರಗುಪ್ಪಿಯ ತವರಿನವರು ಬಂದು ಕರೆದೊಯ್ಯುವ ಮಾತಾಯಿತು. ಆ ಸುಮಾರಿಗೆ ಒಂದು ಬೆಳಗ್ಗೆ ಪೂಜೆಗೆ ಕೂತಾಗ ಅಂಗೈಯಲ್ಲಿನ ಲಿಂಗ ಕಾಣದೆ ಹೋಯಿತಂತೆ. ಕೈಗೆ ತಣ್ಣಗೆ ಹತ್ತುತ್ತಿದೆ, ಕಣ್ಣಿಗೆ ಇಲ್ಲ. ಅದಿದ್ದ ಜಾಗ ಬಯಲು, ಸುತ್ತ ಕುಣಿಯುವ ಬೆಳಕು. ಇನ್ನು ನೋವು ಬರುತ್ತದೆ ಎಂದು ಕಾದರು. ಬರಲಿಲ್ಲ.

'ಅವತ್ತಿಂದ ನೋವು ಬಂದೇ ಇಲ್ಲವಾ. ದೇವರು ನೋವು ತಗೊಂಡ, ಬೆಳಕು ಕೊಟ್ಟ. ಎದ್ದು ಅಂಗಡಿ ಕೀಲಿಕೈ ತಗೊಂಡೆ. ಅಂಜಿಕಿ ಅನ್ನೂದ ಹೋತು' ಎಂದರು. ನನ್ನ ಹಣೆ ಮುಟ್ಟಿ, 'ನಿನಗೂ ಆಗಾಕತ್ತೈತಿ. ಪುಣ್ಯೇವಂತಿ ಇದ್ದಿ' ಎಂದರು. ನನ್ನನ್ನು ಅವರು ಹೊಗಳಿದ್ದು ಅದೇ ಮೊದಲು.

ಆಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ದೇವರ ಕೋಣೆಯಿಂದ ಹೊರಗೆ ಬಂದು, ಬೇರೆ ಯಾರಿಗೂ ಕೇಳದಂತೆ ನನ್ನ ಕಿವಿಯಲ್ಲಿ, 'ಇವತ್ತ ಬಯಲಾತು' ಎನ್ನುತ್ತಿದ್ದರು. ಆ ದಿನ ಮುಖ ಎಳೆಯ ಹುಡುಗಿಯದಾಗಿರುತ್ತಿತ್ತು. ಜಗಳ ಬಂದ್.

ಯಜಮಾನರು ಮಾತ್ರ ನನ್ನನ್ನು ಊರಿನ ಹಿರಿಯ ಕಣ್ಣಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ದೀಪ ಹಿಡಿದು ಎರಡೂ ಕಣ್ಣು ನೋಡಿದರು. ಕಂಡದ್ದನ್ನು ಬರೆದು ತೋರಿಸಿ ಎಂದು ಕಾಗದ ಕೊಟ್ಟರು. ನಾನು ಬರೆದ ಮುರಿಮುರಿ ಗೆರೆ ನೋಡಿ ನಕ್ಕರು.

'ಬಾಯಾರ, ಕಣ್ಣು ಛಲೋ ಅದಾವು. ಒಂದು ಕಣ್ಣು ಮುಚ್ಚಿದ್ರೂ ಕಾಣತೈತಿ, ಎರಡೂ ಮುಚ್ಚಿದ್ರೂ ಕಾಣತೈತಿ ಅಂತೀರಿ. ಅಂದಮ್ಯಾಲ ಇದು ಕಣ್ಣಿಂದಲ್ಲ, ತಲೀ ಒಳಗಿಂದು. ಇದಕ್ಕ ಮೈಗ್ರೇನ್ ಅಂತೇವಿ. ಕಣ್ಣೇನ್ ಹೋಗೂದಿಲ್ಲ, ಅಂಜಬ್ಯಾಡ್ರಿ.'

ಅಲ್ಲಿಯೇ, ಕುರ್ಚಿಯ ಮೇಲೆಯೇ, ಅತ್ತುಬಿಟ್ಟೆ. ನನ್ನ ಕೆಲಸ ಉಳಿಯಿತು. ಕಣ್ಣೊರೆಸಿಕೊಂಡು ಸುಮ್ಮನೆ ಎದ್ದು ಬರಬೇಕಿತ್ತು. ನನ್ನ ಬಾಯಿ ಬಿಡಬೇಕಲ್ಲ!

'ಬೆಳಕು ಅಷ್ಟ ಕಂಡು, ನೋವು ಬರಲಾರದ ಇರತೈತೇನ್ರಿ?'

'ಇರತೈತ್ರಿ. ಒಬ್ಬರಿಗಿ ಬರೇ ನೋವು. ಒಬ್ಬರಿಗಿ ನಿಮ್ಮಂಗ ಮೊದಲ ಬೆಳಕು, ಹಿಂದಿಂದ ನೋವು. ಮತ್ತೊಬ್ಬರಿಗಿ ಬರೇ ಬೆಳಕು. ಹರೇದಾಗ ನೋವಿದ್ದವರಿಗೆ ವಯಸ್ಸಾದಂಗ ನೋವು ಬಿಟ್ಟು ಬೆಳಕಷ್ಟ ಉಳಿಯೂದನ್ನ ಭಾಳ ನೋಡೇನಿ. ಉಪಾಸ ಇದ್ದು, ಒಂದ ಕಡೆ ಭಾಳೊತ್ತು ದಿಟ್ಟಿಸಿದ್ರ ಲಗೂ ಬರತೈತಿ. ಯಾಕ್ರಿ, ಮನ್ಯಾಗ ಯಾರಿಗರ ಐತೇನು?'

'ಇಲ್ರಿ' ಎಂದೆ.

ಮನೆಗೆ ಬರುವಾಗ ಟಾಂಗಾದಲ್ಲಿ ಯಜಮಾನರು ಖುಷಿಯಿಂದ ಮಾತಾಡುತ್ತಿದ್ದರು. ನನಗೆ ಒಂದೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಒಬ್ಬ ಹೆಣ್ಣುಮಗಳು ಯಾವುದನ್ನು ಹಿಡಿದು ಎದ್ದು ನಿಂತಿದ್ದಳೋ ಅದು ನನ್ನ ಬಾಯಿಯೊಳಗಿತ್ತು. ನಾಲಿಗೆ ಜಾರಿದರೆ ಸಾಕು. ನನ್ನ ನಾಲಿಗೆಯ ಗುಣ ನನಗೆ ಗೊತ್ತಿತ್ತು, ಅದಕ್ಕೇ ಹೆದರಿಕೆ.

ಅತ್ತೆಯವರು ಬಾಗಿಲಲ್ಲೇ ಕೇಳಿದರು, 'ಏನಂದಾ ಡಾಕ್ಟರ?'

'ಕಣ್ಣು ಛಲೋ ಅದಾವಂತ್ರಿ.'

'ನಾ ಹೇಳಿರಲಿಲ್ಲೇನು?' ಎಂದು ಒಳಗೆ ಹೋದರು.

ಕೆಲವು ತಿಂಗಳು ಕಳೆದಿರಬೇಕು. ಒಂದು ರವಿವಾರ ಮಧ್ಯಾಹ್ನ ಬೆಳಕು ಬಂದು ಹೋಗಿ, ನೋವು ಏರತೊಡಗಿತ್ತು. ಡಾಕ್ಟರು ಕೊಟ್ಟ ಗುಳಿಗೆಯ ಡಬ್ಬಿ ಗೋಡೆಯ ಮಾಡದಲ್ಲಿತ್ತು. ಕೈ ಚಾಚಿದರೆ ಡಬ್ಬಿ ಇಲ್ಲ. ಅತ್ತೆಯವರು ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

'ಇದನ್ನ ನುಂಗಬ್ಯಾಡ. ನುಂಗಿದ್ರ ಬೆಳಕೂ ಹೋಗತೈತಿ. ನೀ ಪೂಜಿಗಿ ಸರಿಯಾಗಿ ಕೂಡು, ನೋವು ತಾನ ಬಿಡತೈತಿ. ನನಗ ಬಿಡಲಿಲ್ಲೇನು?'

ಅರ್ಧ ತಲೆ ಸಿಡಿಯುತ್ತಿದೆ, ಮದ್ದು ಅವರ ಮುಷ್ಟಿಯಲ್ಲಿದೆ. ಸಿಟ್ಟು ನೆತ್ತಿಗೇರಿತು. 'ನಿಮ್ಮದೂ ಇದ ಬ್ಯಾನಿರಿ, ವಯಸ್ಸಾಗಿ ನೋವು ಬಿಟ್ಟೈತಿ ಅಷ್ಟ' ಎಂಬ ಇಡೀ ಮಾತು ಹಲ್ಲಿನ ಹಿಂದೆ ಬಂದು ನಿಂತಿತು. ಅವರ ಮುಖ ನೋಡಿದೆ. ನನಗೆ ಒಳ್ಳೆಯದಾಗಲಿ ಎಂದೇ ನಿಂತಿದ್ದರು, ಪಾಪ.

'ಆತ್ರಿ' ಎಂದೆ. ಗೋಡೆಯ ಕಡೆ ಹೊರಳಿ ಮಲಗಿದೆ. ಎಷ್ಟೋ ಹೊತ್ತು ಅವರು ಬಾಗಿಲಲ್ಲೇ ನಿಂತಿದ್ದರು ಅನ್ನಿಸುತ್ತದೆ. ಮರುದಿನ ಡಬ್ಬಿ ಮತ್ತೆ ಮಾಡದಲ್ಲಿತ್ತು. ಯಜಮಾನರು ಹೇಳಿ ಇಡಿಸಿರಬೇಕೆಂದು ತಿಳಿದೆ.

ವರ್ಷಗಳು ಹೋದವು. ನನಗೆ ಎರಡು ಮಕ್ಕಳಾದವು. ಅತ್ತೆಯವರು ಮೊದಲಿನಂತೆಯೇ ಆಗಾಗ 'ಇವತ್ತ ಬಯಲಾತು' ಎಂದು ಕಿವಿಯಲ್ಲಿ ಹೇಳುತ್ತಿದ್ದರು. ನಾನು 'ಹೌದ್ರಿ?' ಎಂದು ಹಿಗ್ಗಿದವಳ ಹಾಗೆ ಮುಖ ಮಾಡುತ್ತಿದ್ದೆ. ಮಾಡುತ್ತ ಮಾಡುತ್ತ ನಿಜವಾಗಿಯೂ ಹಿಗ್ಗತೊಡಗಿದ್ದೆ.

ಅರವತ್ತಾರರಲ್ಲಿರಬೇಕು. ನಾವಿಬ್ಬರೂ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆವು. ಮೊರದಲ್ಲಿನ ಹರಳು ಆರಿಸುತ್ತಿದ್ದಾಗ ಎಡಗಡೆಯ ಜೋಳವೇ ಇಲ್ಲದಂತಾಯಿತು. ಮೊರ ಕೆಳಗಿಟ್ಟೆ.

'ಬಂತೇನು?' ಎಂದರು.

'ಹೌದ್ರಿ.'

'ಲಗೂ ಎದ್ದು ಗುಳಿಗಿ ತಗೋ. ನೋವು ಏರೂದರಾಗ ತಗೋ.'

'ಬೆಳಕು ಹೋಗತೈತಿ ಅಂದಿದ್ರಲ್ರಿ?' ಎಂದೆ, ನಗೆಯಾಡಲೆಂದು.

ಅವರು ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. 'ಡಬ್ಬಿ ತಿರುಗಿ ಮಾಡದಾಗ ಯಾರು ಇಟ್ಟಿದ್ರಂತ ತಿಳಕೊಂಡಿ? ನಾನ ಇಟ್ಟಿದ್ದೆ. ಈ ಮನಿಗಿ ಬಂದಾಗಿಂದ ನನ್ನ ಮಾತಿಗಿ ನೀ ಆತ್ರಿ ಅಂದದ್ದು ಅದೊಂದ ಸಲ. ಡಬ್ಬಿ ಕಸಗೊಂಡ್ರೂ ನನ್ನ ಮ್ಯಾಲ ಏರಿ ಬರಲಿಲ್ಲ ನೀ. ಅವತ್ತ ತಿಳೀತು. ಡಾಕ್ಟರ ನನ್ನ ಸುದ್ದಿ ಏನೋ ಹೇಳ್ಯಾನ, ಈಕಿ ನುಂಗ್ಯಾಳ ಅಂತ.'

ಕಣ್ಣೆದುರು ಬೆಳಕು ಕುಣಿಯುತ್ತಿತ್ತು. ಅವರ ಮುಖ ಅರ್ಧ ಮಾತ್ರ ಕಾಣುತ್ತಿತ್ತು. 'ಅತ್ತೀ, ತಪ್ಪಾತ್ರಿ' ಎಂದೆ.

'ತಪ್ಪೇನೈತಿ? ಬ್ಯಾನಿ ಇದ್ದರ ಇರಲಿ. ನಿನಗ ಬಂದಾಗ ನಿನ್ನ ಕೈಯಾಗ ಪಾಟಿ ಇತ್ತು, ಅಂಜಿದಿ. ನನಗ ಬಂದಾಗ ನನ್ನ ಕೈಯಾಗ ಲಿಂಗ ಇತ್ತು, ಅಂಜಲಿಲ್ಲ. ಫರಕ ಅಷ್ಟ. ಏಳೇಳು, ಗುಳಿಗಿ ತಗೋ.'

ಎಂಥ ಹೆಣ್ಣುಮಗಳು ಎಂದುಕೊಳ್ಳುತ್ತ ಅವತ್ತು ಗುಳಿಗೆ ನುಂಗಿ, ಕತ್ತಲೆಯಲ್ಲಿ ಮಲಗಿ, ನೋವಿನ ನಡುವೆಯೂ ಹಗುರಾದೆ. ಹೊತ್ತ ಮಾತು ಇಳಿಯಿತಲ್ಲ! ಇನ್ನು ನಮ್ಮಿಬ್ಬರ ನಡುವೆ ಮುಚ್ಚುಮರೆ ಇಲ್ಲ ಅಂದುಕೊಂಡೆ.

ಆದರೆ ತಿಳಿದೂ ಇಷ್ಟು ವರ್ಷ ಹೇಳುತ್ತ ಬಂದಿದ್ದವರು, ಮಾತು ಹೊರಬಿದ್ದ ಆ ದಿನದ ನಂತರ ದೇವರ ಕೋಣೆಯಿಂದ ಬಂದು ನನ್ನ ಕಿವಿಯಲ್ಲಿ 'ಬಯಲಾತು' ಎಂದು ಹೇಳಲಿಲ್ಲ. ಪೂಜೆ ನಿಲ್ಲಿಸಲಿಲ್ಲ, ಹೊತ್ತೂ ಕಡಿಮೆ ಮಾಡಲಿಲ್ಲ. ನಾನೇ ಬೆಳಗ್ಗೆ ರೊಟ್ಟಿ ಬಡಿಯುತ್ತ ಕಾಯುತ್ತಿದ್ದೆ. ಬಾಗಿಲು ತೆರೆಯುತ್ತಿತ್ತು, ಅವರು ಹೊರಗೆ ಬಂದು, 'ಪಲ್ಯಾಕ್ಕ ಉಪ್ಪು ಹಾಕೀದೇನು?' ಎಂದು ಕೇಳುತ್ತಿದ್ದರು. ತಿಂಗಳುಗಳೇ ಕಳೆದವು. ಒಂದು ಬೆಳಗ್ಗೆ ಅವರ ಮುಖದಲ್ಲಿ ಮೊದಲಿನ ಕಳೆ ಕಂಡಂತಾಗಿ, ತಡೆಯಲಾರದೆ ಕೇಳಿದೆ.

'ಅತ್ತೀ, ಇವತ್ತ ಬಯಲಾತೇನ್ರಿ?'

'ನಿಮ್ಮ ಡಾಕ್ಟರನ್ನ ಕೇಳ ಹೋಗು' ಎಂದು ನಕ್ಕರು.

ನಾನೂ ನಕ್ಕೆ. ನಕ್ಕು ಒಲೆಯ ಕಡೆ ತಿರುಗಿ, ಹೊಗೆಯ ನೆವ ಮಾಡಿಕೊಂಡು ಕಣ್ಣೀರು ಸುರಿಸಿದೆ. ಮಾತು ನುಂಗಿ ಅವರ ಬಯಲನ್ನು ಕಾದೆ ಅಂದುಕೊಂಡಿದ್ದೆನಲ್ಲ, ಎಂಥ ಹುಚ್ಚಿ ನಾನು. ಡಬ್ಬಿ ಕಸಿದುಕೊಂಡ ಆ ರವಿವಾರ ಆತ್ರಿ ಅನ್ನದೆ, ಎಂದಿನಂತೆ ಬಾಯಿ ಮಾಡಿ ಜಗಳ ತೆಗೆದಿದ್ದರೆ, ಅವರಿಗೆ ಸಂಶಯವೇ ಬರುತ್ತಿರಲಿಲ್ಲ, ಆ ಬಯಲು ಅವರಿಗೆ ಹಾಗೆಯೇ ಉಳಿಯುತ್ತಿತ್ತು.