ತಾವೂಜಿಯ ತಲೆಯ ಮೇಲಿನ ಹೊಲ

ಸಾಸಿವೆ ಹಿಂಡಿಯನ್ನು ನೀರಿನಲ್ಲಿ ನಾಲ್ಕೈದು ದಿನ ಕೊಳೆಯಲು ಬಿಟ್ಟರೆ ಬರುವ ವಾಸನೆಯನ್ನು ಯಾರೂ ಇಷ್ಟಪಡಲಾರರು. ಹೋದ ಚಳಿಗಾಲದಲ್ಲಿ ನಮ್ಮ ಆಟೋ ರಸ್ತೆಬದಿಯ ಗಿಡದ ನರ್ಸರಿಯೊಂದರ ಮುಂದೆ ನಿಂತಾಗ ಒಳಗೆ ಯಾರೋ ಡ್ರಮ್ಮಿನ ಮುಚ್ಚಳ ತೆಗೆದರು. ಪಕ್ಕದಲ್ಲಿದ್ದ ಗೆಳತಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು "ಛೀ, ಏನೇ ಇದು" ಎಂದಳು. ನಾನು ಮಾತ್ರ ಆ ದುರ್ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಈಗ ಗೋಡೆಯೂ ಉಳಿದಿಲ್ಲ, ಬಾಗಿಲೂ ಉಳಿದಿಲ್ಲ, ಆದರೆ ಎಲ್ಲೋ ಯಾರೋ ಮುಚ್ಚಳ ತೆಗೆದರೆ ಸಾಕು, ಮೆಟ್ಟಿಲು ಹತ್ತಿ ಒಳಗೆ ಹೋಗಿಬಿಡುತ್ತೇವೆ. ನನ್ನ ಆ ಮನೆ ದೆಹಲಿಯ ಮುನಿರ್ಕಾದಲ್ಲಿ ಒಂದು ಹಳೆಯ ಕಟ್ಟಡದ ತಾರಸಿಯ ಮೇಲಿತ್ತು. ಎರಡು ಕೋಣೆ, ತಗಡಿನ ಅಡುಗೆಮನೆ, ಉಳಿದದ್ದೆಲ್ಲ ಬಯಲು. ಆ ಬಯಲಿನಲ್ಲಿ ನಮ್ಮಪ್ಪ ಇದೇ ಹಿಂಡಿಯ ಗೊಬ್ಬರ ಹಾಕಿ ಹೊಲ ಮಾಡಿದ್ದ.

ಅಪ್ಪ ಚಿತ್ರದುರ್ಗದ ಕಡೆಯವನು. ಓದಲೆಂದು ದೆಹಲಿಗೆ ಬಂದು, ಓದು ಮುಗಿದ ಮೇಲೆ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ. ಅದು ಹಂಗಾಮಿ ಕೆಲಸ. ನಾಲ್ಕು ತಿಂಗಳಿಗೊಮ್ಮೆ ಹೊಸ ಕಾಗದ ಕೈಗೆ ಬರಬೇಕು, ಬಾರದಿದ್ದರೆ ಮನೆಗೆ. ಕಾಗದ ಬರುವ ವಾರ ಹತ್ತಿರವಾದಂತೆ ಅಪ್ಪ ಊಟದ ತಟ್ಟೆಯ ಮುಂದೆ ಮಾತು ನಿಲ್ಲಿಸುತ್ತಿದ್ದ. ಅಂಥದೊಂದು ವಾರದಲ್ಲೇ ಅವನಿಗೆ ಹೊಳೆದಿರಬೇಕು, ಇನ್ನೊಬ್ಬರ ಸಹಿಗೆ ಕಾಯದೆ ಕೈಗೆ ಸಿಗುವಂಥದ್ದು ಒಂದಾದರೂ ಇರಬೇಕು ಎಂದು. ಬಣ್ಣದ ಖಾಲಿ ಡ್ರಮ್ಮುಗಳು, ಒಡೆದ ಸಿಂಕು, ಔಷಧಿ ಅಂಗಡಿಯವರು ಬಿಸಾಡಿದ ಥರ್ಮೋಕೋಲ್ ಡಬ್ಬಗಳು ಒಂದೊಂದಾಗಿ ಮೆಟ್ಟಿಲು ಹತ್ತಿ ಬಂದವು. ಎರಡು ವರ್ಷದಲ್ಲಿ ಬಸಳೆ ಗೋಡೆಗೆ ಹಬ್ಬಿತು, ತೊಂಡೆ ಚಪ್ಪರ ಕೋಣೆಯ ಮುಂದೆ ನೆರಳು ಮಾಡಿತು, ಬದನೆ, ಬೆಂಡೆ, ಮೆಂತ್ಯ, ಹಸಿಮೆಣಸು ಕೊಳ್ಳುವುದು ನಿಂತೇಹೋಯಿತು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಒಂದು ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ ಅದರಲ್ಲಿ ಹಾಲು ಇಡುತ್ತಿದ್ದೆವು. ಕನ್ನಡಿ ಹಚ್ಚಿದ ಪೆಟ್ಟಿಗೆಯೊಳಗೆ ಬಿಸಿಲಿನಲ್ಲೇ ಬೇಳೆ ಬೇಯುತ್ತಿತ್ತು. ಸ್ನಾನದ ನೀರು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ. ಬಟ್ಟೆಗೆ ಅಂಟವಾಳ, ಹಲ್ಲಿಗೆ ಅಪ್ಪನೇ ಮಾಡಿದ ಕಪ್ಪು ಪುಡಿ. ಟಿವಿಯ ಮಾತೇ ಇಲ್ಲ. ಕಾಲೇಜಿನ ಗೆಳೆಯರು ಬಂದಾಗ ಅಪ್ಪ ಉತ್ಸಾಹದಿಂದ ಎಲ್ಲವನ್ನೂ ತೋರಿಸುತ್ತಿದ್ದ. ಒಮ್ಮೆ ಅವರೆದುರೇ ಅಮ್ಮ ಚಹಾದ ಲೋಟ ಇಡುತ್ತಾ, "ಸರಳ ಜೀವನ ಅಂತ ಹೇಳೋರು ಇವರು. ಅದನ್ನ ತಿಕ್ಕಿ ತೊಳೆಯೋದು ನಾನು" ಎಂದಳು. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಅವಳು ಓಣಿಯ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಅಂದು ಸಂಜೆಯೆಲ್ಲ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ನಮ್ಮ ಹೊಲದ ಸರಿಯಾಗಿ ಕೆಳಗೆ, ಮೊದಲ ಮಹಡಿಯಲ್ಲಿ, ಕಟ್ಟಡದ ಮಾಲೀಕರು ಮಲಗುತ್ತಿದ್ದರು. ದೊಡ್ಡಪ್ಪನಿಗೆ ಅಲ್ಲಿಯವರು ತಾವೂ ಎನ್ನುತ್ತಾರೆ. ಓಣಿಗೆಲ್ಲ ಅವರು ತಾವೂಜಿ. ಎಂಬತ್ತರ ಹತ್ತಿರದ, ಜಾಟ್ ರೈತ ಮನೆತನದ ಮುದುಕ, ಎತ್ತರದ ಆಳು, ಬಿಳಿ ಪಗಡಿ. ಮುನಿರ್ಕಾ ನಿಜವಾದ ಹಳ್ಳಿಯಾಗಿದ್ದಾಗ ನೇಗಿಲು ಹಿಡಿದವರು. ಅವರ ಹೊಲವಿದ್ದ ಜಾಗದಲ್ಲಿ ಈಗ ರಸ್ತೆ, ಫ್ಲ್ಯಾಟು. ದಿನಾ ಬೆಳಿಗ್ಗೆ ಏದುಸಿರು ಬಿಡುತ್ತ ಮೇಲೆ ಬಂದು, ಡ್ರಮ್ಮಿನ ಮಣ್ಣಿಗೆ ಬೆರಳು ಇಳಿಸಿ, ಮೂಸಿ ನೋಡಿ, "ಮಾಸ್ಟರ್‌ಜಿ, ಇವತ್ತು ನೀರು ಬೇಡ" ಎಂದೋ "ಈ ಬೆಂಡೆಗೆ ಬೂದಿ ಹಾಕಿ" ಎಂದೋ ಹೇಳಿ ಇಳಿಯುತ್ತಿದ್ದರು. ಭಾರದ ಡ್ರಮ್ಮುಗಳನ್ನು ಗೋಡೆಯ ಉದ್ದಕ್ಕೆ ಇಡಿಸಿದವರೂ ಅವರೇ. ನನ್ನ ಕೈಗೊಂದು ಹಸಿ ಬೆಂಡೆಕಾಯಿ ಮುರಿದು ಕೊಡದೆ ಅವರು ಕೆಳಗಿಳಿದದ್ದು ನೆನಪಿಲ್ಲ.

ಅವರ ಮಗ ಬಲಬೀರನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಸುತ್ತ ಎಲ್ಲ ಕಡೆ ನಾಲ್ಕು, ಐದು ಮಹಡಿ ಏಳುತ್ತಿದ್ದವು. ಅವನಿಗೂ ಕಟ್ಟುವ ಆಸೆ, ಮುದುಕರು ಒಪ್ಪುತ್ತಿರಲಿಲ್ಲ. ಅಷ್ಟರಲ್ಲಿ ತಾವೂಜಿಯ ಕೋಣೆಯ ಚಾವಣಿಯಲ್ಲಿ, ಮಂಚದ ನೇರಕ್ಕೆ, ತಟ್ಟೆಯಗಲದ ತೇವದ ಕಲೆ ಕಾಣಿಸಿಕೊಂಡಿತು. ಬಲಬೀರ ಮೇಲೆ ಬಂದು ಅಪ್ಪನ ಮುಂದೆ ನಿಂತು, "ಮಾಸ್ಟರ್‌ಜಿ, ಈ ಮಳೆಗಾಲದಲ್ಲಿ ಒಂದು ಹನಿ ಕೆಳಗಿಳೀಲಿ, ಅವತ್ತೇ ನಿಮ್ಮ ಸಾಮಾನು ಗಲ್ಲಿಯಲ್ಲಿರುತ್ತೆ" ಎಂದ. ಅಪ್ಪ ವಾದ ಮಾಡಲಿಲ್ಲ. ಕೆಳಗೆ ಹೋಗಿ, ಸ್ಟೂಲು ಹತ್ತಿ ಆ ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ. ಬೆಳೆದರೆ ಗೊತ್ತಾಗಲಿ ಎಂದು. ಅವತ್ತಿನಿಂದ ಕಾಲೇಜಿಗೆ ಹೊರಡುವ ಮೊದಲು ಕೆಳಗೆ ಹೋಗಿ ಕತ್ತೆತ್ತಿ ನೋಡುವುದು ಅವನ ದಿನಚರಿಯಾಯಿತು. ಅವನು ಮೆಟ್ಟಿಲು ಹತ್ತಿ ಬರುವ ಹೆಜ್ಜೆಯ ಸದ್ದಿನಲ್ಲೇ ನಾವು ಸುದ್ದಿ ತಿಳಿದುಕೊಳ್ಳುತ್ತಿದ್ದೆವು. ಜೂನ್ ಮುಗಿದರೂ ಕಲೆ ಗೆರೆ ದಾಟಲಿಲ್ಲ. ಅಪ್ಪ ನನಗೂ ಒಂದು ಕೆಲಸ ಹಚ್ಚಿದ. ತಾರಸಿಯ ಮೂಲೆಯಲ್ಲಿ ಮಳೆನೀರು ಇಳಿಯುವ ಕೊಳವೆಯ ಬಾಯಿಗೆ ಒಂದು ಜಾಲರಿ ಇತ್ತು. ಪಕ್ಕದ ಬೇವಿನ ಎಲೆಗಳೂ ಡ್ರಮ್ಮುಗಳಿಂದ ಕೊಚ್ಚಿ ಬಂದ ಮಣ್ಣೂ ಅಲ್ಲಿ ಕೂರುತ್ತಿದ್ದವು. "ದಿನಾ ಸ್ಕೂಲಿಂದ ಬಂದ ತಕ್ಷಣ ಅದನ್ನ ತೆಗೆದು ಹಾಕಬೇಕು, ಸುಮಿ. ಇದು ನಿನ್ನ ಜವಾಬ್ದಾರಿ" ಎಂದ. ನನಗಾಗ ಹತ್ತು ವರ್ಷ. ಆ ಮಾತಿನಿಂದ ಹಿಗ್ಗಿಹೋಗಿದ್ದೆ.

ಆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಭಾನುವಾರ ಸಂಜೆ ನಾನೂ ಅಪ್ಪನೂ ಗೋಣಿಚೀಲ ಹಿಡಿದು ತರಕಾರಿ ಮಾರುಕಟ್ಟೆಗೆ ಹೋಗುತ್ತಿದ್ದೆವು, ಕೊಳ್ಳುವುದಕ್ಕಲ್ಲ, ಗಾಡಿಯವರು ಕೆಳಗೆ ಎಸೆದ ಸೊಪ್ಪು ಸಿಪ್ಪೆಗಳನ್ನು ಗೊಬ್ಬರಕ್ಕೆ ತುಂಬಿಕೊಳ್ಳುವುದಕ್ಕೆ. ಜುಲೈ ತಿಂಗಳ ಒಂದು ಭಾನುವಾರ ನಾನು ಬಗ್ಗಿ ಮೂಲಂಗಿ ಎಲೆ ಆಯುತ್ತಿದ್ದಾಗ ಕಾರಿನ ಕಿಟಕಿಯಿಂದ ನನ್ನ ತರಗತಿಯ ಹುಡುಗಿಯೊಬ್ಬಳು ನೋಡಿದಳು. ಮರುದಿನ ಶಾಲೆಯಲ್ಲಿ ನನಗೆ ಹೊಸ ಹೆಸರು: ಕೂಡೇವಾಲಿ. ಕಸದವಳು. ಮಂಗಳವಾರ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಬುಧವಾರ ಮನೆಗೆ ಬಂದು ಬ್ಯಾಗು ಎಸೆದು, "ಅಪ್ಪಾ, ಮುಝೇ ನಹೀ ಜಾನಾ ಸಂಡೇ ಕೋ. ಭಾನುವಾರ ನಾ ಬರಲ್ಲ. ನಂಗೆ ಈ ಗಿಡ ಏನೂ ಬೇಡ" ಎಂದು ಅತ್ತೆ. ಯಾಕೆಂದು ಹೇಳಲಿಲ್ಲ. ಅಪ್ಪ ಬ್ಯಾಗು ಎತ್ತಿಟ್ಟು, "ನಾಚಿಕೆ ಪಡೋ ಅಂಥದ್ದು ನಾವೇನೂ ಮಾಡ್ತಿಲ್ಲ ಪುಟ್ಟಾ" ಎಂದ. ಅವನಿಗೆ ಹೇಳಲು ಅಷ್ಟೇ ಗೊತ್ತಿತ್ತು. ಮರುದಿನ ನಾನು ಜಾಲರಿಯ ಹತ್ತಿರ ಹೋಗಲಿಲ್ಲ. ಶುಕ್ರವಾರವೂ ಇಲ್ಲ. ಅಪ್ಪ "ಆಯ್ತಾ ಪುಟ್ಟಾ?" ಎಂದು ಕೇಳಿದ. ನಾನು ಪುಸ್ತಕದಿಂದ ತಲೆಯೆತ್ತದೆ "ಹೂಂ" ಎಂದೆ.

ಶನಿವಾರ ಅರ್ಧ ದಿನದ ಶಾಲೆ. ಅಪ್ಪ ಕಾಲೇಜಿನಲ್ಲಿದ್ದ. ಅಮ್ಮ ನನಗೆ ಊಟ ಬಡಿಸಿ, ಹೊಲಿದ ರವಿಕೆಗಳನ್ನು ಕೊಟ್ಟು ಬರಲು ಹೋದಳು. ಅವಳು ಓಣಿ ದಾಟಿರಲಿಲ್ಲ, ಆಕಾಶ ಕಪ್ಪಾಗಿ ಮಳೆ ಸುರಿಯತೊಡಗಿತು. ತಗಡಿನ ಮೇಲೆ ಎಂಥ ಸದ್ದೆಂದರೆ ನನ್ನ ಉಸಿರೂ ನನಗೆ ಕೇಳಿಸುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ನೋಡಿದೆ. ನೀರು ಇಳಿಯುತ್ತಿರಲಿಲ್ಲ. ಮೊದಲು ನೆಲ ಮುಚ್ಚಿತು, ಥರ್ಮೋಕೋಲ್ ಡಬ್ಬಗಳ ತಳ ಮುಚ್ಚಿತು, ಆಮೇಲೆ ಒಂದು ಡಬ್ಬ ಮೆಲ್ಲಗೆ ತೇಲಿ ತಿರುಗತೊಡಗಿತು. ಮೆಂತ್ಯದ ಎಳೆ ಸಸಿಗಳು ಅದರೊಳಗೆ ಅಲುಗುತ್ತಿದ್ದವು. ಮೂಲೆ ನನಗೆ ಹತ್ತು ಹೆಜ್ಜೆ ದೂರದಲ್ಲಿತ್ತು. ಹೋಗಬೇಕೆಂದು ಗೊತ್ತಿತ್ತು, ಕೆಳಗೆ ತಾವೂಜಿ ಮಲಗಿದ್ದಾರೆಂದೂ ಗೊತ್ತಿತ್ತು. ಆದರೂ ನಿಂತೇ ಇದ್ದೆ. ಮುಳುಗಲಿ ಎಲ್ಲ, ಎಂದುಕೊಂಡದ್ದು ಸರಿಯಾಗಿ ನೆನಪಿದೆ. ಎಷ್ಟು ಹೊತ್ತು ನಿಂತಿದ್ದೆನೋ ಹೇಳಲಾರೆ. ನೀರು ಹೊಸ್ತಿಲ ಹತ್ತಿರ ಬಂದಾಗ ಒಮ್ಮೆಲೇ ಹೆದರಿಕೆಯಾಗಿ ಓಡಿದೆ. ಮೊಣಕಾಲುದ್ದ ನೀರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಭುಜದವರೆಗೆ ಕೈ ಇಳಿಸಿ, ಎಲೆ ಮಣ್ಣಿನ ಮುದ್ದೆಯನ್ನು ಎರಡು ಕೈಯಲ್ಲಿ ಕಿತ್ತು ಗೋಡೆಯಾಚೆ ಎಸೆದೆ. ಕೊಳವೆ ಗೊಳಗೊಳ ಎಂದು ನೀರನ್ನು ಎಳೆದುಕೊಂಡಿತು. ತಾರಸಿ ಬರಿದಾಗುತ್ತ ಬಂತು. ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಕಾಲ ಕೆಳಗಿನಿಂದ ಭಾರವಾದದ್ದೇನೋ ಬಿದ್ದ ಸದ್ದು ಬಂತು. ಅದರ ಹಿಂದೆಯೇ ತಾವೂಜಿಯ ಕೂಗು.

ಚಾವಣಿಯ ಗಾರೆ ದೊಡ್ಡ ಹೆಂಟೆಯಾಗಿ ಕಳಚಿ ಅವರ ಎಡಭುಜದ ಮೇಲೆ ಬಿದ್ದಿತ್ತು. ಒಂದು ಗೇಣು ಈಚೆಗೆ ಬಿದ್ದಿದ್ದರೆ ತಲೆ. ಅವರನ್ನು ಆಸ್ಪತ್ರೆಗೆ ಕಳಿಸಿ ಬಲಬೀರ ಮೇಲೆ ಬರುವ ಹೊತ್ತಿಗೆ ಅಪ್ಪನೂ ಅಮ್ಮನೂ ತೊಯ್ದು ತೊಪ್ಪೆಯಾಗಿ ಬಂದಿದ್ದರು. ಬಲಬೀರ ಒಂದು ಡ್ರಮ್ಮನ್ನು ಒದ್ದು ಉರುಳಿಸಿದ. "ಇಷ್ಟು ಭಾರ ಹೊರಿಸಿದರೆ ಇನ್ನೇನಾಗುತ್ತೆ? ನಮ್ಮಪ್ಪ ಸತ್ತುಹೋಗಿದ್ದರೆ?" ಎಂದು ಕಿರುಚಿದ. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, "ಚಾಚಾ, ಜಾಲೀ ಬಂದ್ ಥೀ. ಮೈನೇ ಸಾಫ್ ನಹೀ ಕೀ" ಎಂದೆ. ಜಾಲರಿ ಕಟ್ಟಿಕೊಂಡಿತ್ತು, ನಾನೇ ತೆಗೆಯಲಿಲ್ಲ, ತಪ್ಪು ನನ್ನದು. ಬಲಬೀರ ಮೂಲೆಯತ್ತ ನೋಡಿದ. ಜಾಲರಿ ತೊಳೆದಿಟ್ಟಂತೆ ಇತ್ತು, ಉಳಿದ ಮಳೆನೀರು ಸರಾಗವಾಗಿ ಇಳಿಯುತ್ತಿತ್ತು. ಅವನ ಸಿಟ್ಟು ಅರೆಕ್ಷಣ ತಗ್ಗಿತು. ನನ್ನ ತಲೆಯ ಮೇಲೆ ಕೈಯಿಟ್ಟು, "ನೋಡಿ ಮಾಸ್ಟರ್‌ಜಿ, ಬೇಟಿ ಅಪ್ಪನನ್ನ ಉಳಿಸೋಕೆ ನೋಡ್ತಿದ್ದಾಳೆ" ಎಂದ. ಅಪ್ಪ ನನ್ನನ್ನು ನೋಡಿದ. ಆ ನೋಟದಲ್ಲಿದ್ದದ್ದು ಕೃತಜ್ಞತೆ. ಯಾವ ಪೆಟ್ಟೂ ನನ್ನನ್ನು ಅಷ್ಟು ನೋಯಿಸಿಲ್ಲ. ಸಂಜೆ ಅಮ್ಮ ನನ್ನ ತಲೆ ಒರೆಸುತ್ತಾ ಮೆಲ್ಲಗೆ ಹೇಳಿದಳು: "ಇನ್ಮೇಲೆ ಸುಳ್ಳು ಹೇಳಬೇಡ ಕಂದಾ. ಅಪ್ಪನಿಗೋಸ್ಕರಾನೂ ಬೇಡ." ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಮನೆ ಬಿಡಲು ಒಂದು ವಾರ ಸಿಕ್ಕಿತು. ಭಾನುವಾರ ಅಪ್ಪ ಹೊಲ ಕಳಚಲು ಕೂತ. ಚಪ್ಪರದ ತಂತಿ ಕತ್ತರಿಸಿ, ಗಿಡಗಳನ್ನು ಬೇರುಸಹಿತ ಕಿತ್ತು ರಾಶಿ ಹಾಕತೊಡಗಿದ. ಆಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಕುತ್ತಿಗೆಗೆ ಕೈ ಕಟ್ಟಿಕೊಂಡ ತಾವೂಜಿ ಬಂದಿದ್ದರು. ಹಿಂದೆಯೇ ಬಂದ ಬಲಬೀರ ತಡೆಯಲು ನೋಡಿದರೆ ಕಣ್ಣಲ್ಲೇ ಅವನನ್ನು ಕೆಳಗೆ ಕಳಿಸಿದರು. ಉರುಳಿಬಿದ್ದ ಡ್ರಮ್ಮಿನ ಮೇಲೆ ಕೂತು ಕಿತ್ತ ಗಿಡಗಳ ರಾಶಿಯನ್ನು ನೋಡಿದರು. ಆಮೇಲೆ ಹೇಳಿದರು: "ಮಾಸ್ಟರ್‌ಜಿ, ನಮ್ಮ ಹೊಲ ಶಹರಕ್ಕೆ ಹೋದ ವರ್ಷ ಗೋಧಿ ಇನ್ನೂ ಹಸಿರಾಗಿತ್ತು. ಕೊಯ್ಯೋ ಯೋಗ ನನಗೆ ಬರಲಿಲ್ಲ. ನಿಮಗೆ ಬಂದಿದೆ. ಹೀಗೆ ಕೀಳಬೇಡಿ. ಒಂದೊಂದೇ ಕೊಯ್ಯಿರಿ." ಅಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಅಮ್ಮ, ಎಂದೂ ಗಿಡ ಮುಟ್ಟದ ನನ್ನಮ್ಮ, ಒಳಗಿನಿಂದ ಮೊರ ತಂದಳು. ಅವಳೂ ಅಪ್ಪನೂ ಬದನೆ, ಬೆಂಡೆ, ತೊಂಡೆಯನ್ನು ಒಂದೊಂದಾಗಿ ಕೊಯ್ದು ಮೊರ ತುಂಬಿದರು. ತಾವೂಜಿ ಒಂದೇ ಕೈಯಲ್ಲಿ ಕಾಯಿಗಳನ್ನು ಬೇರೆ ಬೇರೆ ಮಾಡುತ್ತಿದ್ದರು. ಒಂದು ಎಳೆ ಬೆಂಡೆ ಮುರಿದು ನನ್ನತ್ತ ಚಾಚಿದರು. ತೆಗೆದುಕೊಂಡೆ. ಬಾಯಿಗಿಡದೆ ಮುಷ್ಟಿಯಲ್ಲೇ ಹಿಡಿದುಕೊಂಡೆ.

ಅಪ್ಪ ಕಾಲೇಜಿನ ಮುಂದಿನ ಕಾಗದಕ್ಕೆ ಕಾಯಲಿಲ್ಲ. ಮಾನೇಸರಿನ ಒಂದು ಕಾರ್ಖಾನೆಯಲ್ಲಿ ಹೊಸ ಕೆಲಸಗಾರರಿಗೆ ತರಬೇತಿ ಕೊಡುವ ವಿಭಾಗ ಸೇರಿದ. ಗುಡಗಾಂವಿನಲ್ಲಿ ಫ್ಲ್ಯಾಟು, ಫ್ರಿಜ್, ಟಿವಿ, ಹೊಸ ಶಾಲೆ, ನನಗೆ ಬೇಕಿದ್ದದ್ದೆಲ್ಲ ಒಂದೇ ವರ್ಷದಲ್ಲಿ ಬಂತು. ಬಾಲ್ಕನಿಯಲ್ಲಿ ಅಪ್ಪ ಒಂದು ತುಳಸಿಯನ್ನೂ ನೆಡಲಿಲ್ಲ. ಆ ಚಳಿಗಾಲದಲ್ಲೇ ತಾವೂಜಿ ತೀರಿಕೊಂಡ ಸುದ್ದಿ ಬಂತು. ಭುಜದ ನೋವಿಗೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಒಬ್ಬನೇ ಹೋಗಿಬಂದ. ಹಳೆಯ ಕಟ್ಟಡ ಇದ್ದಲ್ಲಿ ಈಗ ಐದು ಮಹಡಿ ಎದ್ದಿವೆ, ಓಣಿಯಲ್ಲಿ ನಿಂತು ಕತ್ತೆತ್ತಿದರೆ ಬರೀ ತಂತಿಗಳು.

ನರ್ಸರಿಯ ಮುಂದೆ ಆಟೋ ನಿಂತ ಆ ದಿನ ನೇರ ಅಪ್ಪನ ಮನೆಗೆ ಹೋದೆ. ಅವನು ಬಾಲ್ಕನಿಯ ಬಿಸಿಲಿಗೆ ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ, ಕಿವಿ ಮಂದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕೂಡೇವಾಲಿ ಎಂದದ್ದು, ಎರಡು ದಿನ ಜಾಲರಿ ಮುಟ್ಟದೆ ಇದ್ದದ್ದು, ಸುಳ್ಳು "ಹೂಂ", ನೀರು ಏರುವುದನ್ನು ನೋಡುತ್ತ ನಿಂತದ್ದು, ಕೊನೆಗೆ ಕೈ ಹಾಕಿ ಕಿತ್ತದ್ದು. ಅವನ ಮಂದ ಕಿವಿಗೆ ಎಷ್ಟು ಕೇಳಿಸಿತೋ ಎಂದು ಅನುಮಾನವಾಯಿತು.

"ಅಷ್ಟು ನೀರಲ್ಲಿ ಒಬ್ಬಳೇ ಇದ್ದೆಯೇನೇ?" ಎಂದ.

"ಹೂಂ."

"ಹತ್ತು ವರ್ಷದ ಹುಡುಗಿಗೆ ಇಡೀ ತಾರಸಿ ಹೊರಿಸಿ ನಾನು ಪಾಠ ಹೇಳೋಕೆ ಹೋಗಿದ್ದೆ" ಎಂದು, ನನ್ನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಂಗೈಯನ್ನು ಹೆಬ್ಬೆರಳಿನಿಂದ ಸವರತೊಡಗಿದ. ಒಳಗಿನಿಂದ ಅಮ್ಮ ಊಟಕ್ಕೆ ಕರೆದಳು. ನಾವಿಬ್ಬರೂ ಏಳಲಿಲ್ಲ. ಅಮ್ಮ ಮತ್ತೆ ಕರೆದಳು.