ಮಾರಿಟ್ ಲೋಕೆನ್ ಖಾಲಿ ಬಿಟ್ಟ ಚೌಕ

ಮಿನೆಸೋಟದ ವೆಸ್ಬಿ ಎಂಬ ಸಣ್ಣ ಊರಿನಲ್ಲಿ ಎಂಟು ವರ್ಷದಿಂದ ಆಂಬ್ಯುಲೆನ್ಸಿನಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮಾರಿಟ್ ಲೋಕೆನ್‌ಗೆ ಡಾಕ್ಟರಾಗಬೇಕೆಂದು ಹೊಳೆದದ್ದು ಮೂವತ್ತನೆಯ ವಯಸ್ಸಿನಲ್ಲಿ. ಯಾರಿಗೂ ಹೇಳದೆ ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದು ಬಂದಳು. ಫಲಿತಾಂಶ ಬಂದ ವಾರದಲ್ಲೇ ಅವಳ ಅಂಕ ಲೂಥರನ್ ಚರ್ಚಿನ ಅಡುಗೆಮನೆಯಲ್ಲಿ ಎಲ್ಲರ ಬಾಯಲ್ಲಿತ್ತು. ಹತ್ತು ಅಂಕವೇ ದೊಡ್ಡ ಅಂತರವಾಗುವ ಆ ಪರೀಕ್ಷೆಯಲ್ಲಿ ಐನೂರ ಹತ್ತರ ಆಸುಪಾಸು ಬೇಕಿತ್ತು. ಬಂದದ್ದು ನಾನೂರ ತೊಂಬತ್ತೊಂಬತ್ತು.

ಅವಳನ್ನು ಕಾಡಿದ್ದು ಅರ್ಜಿಯ ಕೊನೆಯಲ್ಲಿದ್ದ ಒಂದು ಚೌಕ. ಅಂಕದ ಬಗ್ಗೆ ಏನಾದರೂ ವಿವರಿಸುವುದಿದ್ದರೆ ಇಲ್ಲಿ ಬರೆಯಬಹುದು ಎಂದಿತ್ತು. ಬರೆದರೆ ನೆಪ ಹೇಳಿದಂತಾಗುತ್ತದೆ, ಬಿಟ್ಟರೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ.

ಚರ್ಚಿನ ಮೀನೂಟಕ್ಕೆ ಆಲೂಗಡ್ಡೆ ಸುಲಿಯುತ್ತ ಆರ್ಡಿಸ್ ಚಿಕ್ಕಮ್ಮ ಪರಿಹಾರ ಸೂಚಿಸಿದಳು. "ತಾತ ತೀರ್ಕೊಂಡ ದುಃಖದಲ್ಲಿದ್ದೆ ಅಂತ ಬರಿ. ಯಾರೂ ಪ್ರಶ್ನೆ ಮಾಡಲ್ಲ."

ಪಕ್ಕದಲ್ಲೇ ಕೂತು ಬೆಣ್ಣೆ ಸವರಿದ ರೊಟ್ಟಿ ಸುರುಳಿ ತಿನ್ನುತ್ತಿದ್ದ ಪಾಲ್ಮರ್ ತಾತ ತಲೆಯೆತ್ತಿದ. "ನಾನು ಹೋಗಿದ್ದು ಯಾವಾಗ?"

"ಬರೀ ಕಾಗದದ ಮೇಲೆ, ಅಪ್ಪ."

"ಊಟ ಮುಗೀಲಿ ತಾಯಿ. ಮೀನಿಗೆ ಆಗ್ಲೇ ಚೀಟಿ ತಗೊಂಡಿದೀನಿ."

"ಸುಳ್ಳು ಬರೆಯೋಕಾಗಲ್ಲ ಚಿಕ್ಕಮ್ಮ," ಎಂದಳು ಮಾರಿಟ್.

"ಸುಳ್ಳಲ್ಲ ಕಣೇ, ಸ್ವಲ್ಪ ಮುಂಚೆ ಹೇಳೋದು ಅಷ್ಟೇ."

ನಿಜ ಏನೆಂದು ಮಾರಿಟ್‌ಗೆ ಗೊತ್ತಿತ್ತು. ಭೌತಶಾಸ್ತ್ರದ ಪುಸ್ತಕವನ್ನು ಅವಳು ತೆರೆದೇ ಇರಲಿಲ್ಲ. ಇಷ್ಟು ವರ್ಷ ಜೀವ ಉಳಿಸಿದವಳಿಗೆ ಮಸೂರ, ರಾಟೆಗಳ ಲೆಕ್ಕ ಯಾಕೆ ಎಂಬ ಸಣ್ಣ ಜಂಬ. ಅದನ್ನು ಮುನ್ನೂರು ಪದಗಳಲ್ಲಿ ಬರೆಯಲು ನಾಲ್ಕು ಸಂಜೆ ಕೂತಳು. ಪ್ರತಿ ಸಲವೂ ಅದು ತನ್ನನ್ನೇ ಹೊಗಳಿಕೊಂಡ ಹಾಗೆ ಕಂಡಿತು, ಇಲ್ಲವೇ ಅತ್ತ ಹಾಗೆ. ವೆಸ್ಬಿಯಲ್ಲಿ ಎರಡೂ ನಾಚಿಕೆಗೇಡು. ಕೊನೆಗೆ ಚೌಕವನ್ನು ಖಾಲಿ ಬಿಟ್ಟು ಅರ್ಜಿ ಕಳಿಸಿದಳು.

ಆಂಬ್ಯುಲೆನ್ಸಿನ ಎಂಟು ವರ್ಷ ನೋಡಿಯೋ ಏನೋ, ಒಂದು ಕಾಲೇಜು ಸಂದರ್ಶನಕ್ಕೆ ಕರೆಯಿತು. ಕರೆದದ್ದು ಅದೊಂದೇ.

ಸಂದರ್ಶನ ಮಾಡಲು ಕೂತಿದ್ದವರು ನ್ಯೂಜೆರ್ಸಿ ಕಡೆಯ ಡಾಕ್ಟರ್ ರಿಝೊ. ಬಿರುಸು ಮಾತಿನ ಹೆಂಗಸು. ಫ್ಲಾಸ್ಕ್ ಮುಟ್ಟಿ, "ಕಾಫಿ ಕೊಡ್ಲಾ?" ಎಂದರು.

"ಬೇಡ, ಪರವಾಗಿಲ್ಲ."

ವೆಸ್ಬಿಯಲ್ಲಿ ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು, ಎರಡನೆಯ ಸಲ ತೊಂದರೆ ತಗೋಬೇಡಿ ಎನ್ನಬೇಕು, ಮೂರನೆಯ ಸಲ ಅರ್ಧ ಕಪ್ ಸಾಕು ಎನ್ನಬೇಕು. ಡಾಕ್ಟರ್ ರಿಝೊ ಮತ್ತೆ ಕೇಳದೆ ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿ ಬದಿಗಿಟ್ಟರು. ಕಾಗದ ನೋಡಿದರು.

"ಈ ಅಂಕದ ಬಗ್ಗೆ ಏನಾದ್ರೂ ಹೇಳ್ತೀಯಾ?"

"ಅಂಥದ್ದೇನಿಲ್ಲ ಮೇಡಂ."

ಇನ್ನೊಮ್ಮೆ ಕೇಳುತ್ತಾರೆಂದು ಮಾರಿಟ್ ಕೈ ಕಟ್ಟಿ ಕಾದಳು. ಡಾಕ್ಟರ್ ಏನೋ ಗೀಚಿ, ಹಾಳೆ ಮಗುಚಿ, ಹಳ್ಳಿ ಆಸ್ಪತ್ರೆಗಳ ವಿಷಯಕ್ಕೆ ಹೋದರು. ಅರ್ಧ ಗಂಟೆ ಮಾರಿಟ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕಣ್ಣು ಮಾತ್ರ ಆ ಮಗುಚಿದ ಹಾಳೆಯ ಮೇಲೇ ಇತ್ತು. ಡಾಕ್ಟರ್ ಪೆನ್ನಿಗೆ ಕ್ಯಾಪ್ ಹಾಕಿದರು.

"ಸರಿ, ಮುಗೀತು. ಹುಷಾರಾಗಿ ಹೋಗಿ ಬಾ."

ಮಾರಿಟ್ ಏಳಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಮನಸ್ಸಿನಲ್ಲೇ ದೇವರನ್ನು ನೆನೆದಳು. ಯಾರೂ ಕೇಳದೆ ತಾನಾಗಿ ಹೇಳುವುದು ಅವಳ ಪಾಲಿಗೆ ಜನರೆದುರು ಬಟ್ಟೆ ಬದಲಾಯಿಸಿದ ಹಾಗೆ.

"ಮೇಡಂ, ಆ ಅಂಕ. ನಾನು ಭೌತಶಾಸ್ತ್ರ ಓದಿರ್ಲಿಲ್ಲ. ಕಾಯಿಲೆ ಇರ್ಲಿಲ್ಲ, ಸಾವೂ ಆಗಿರ್ಲಿಲ್ಲ. ಬೇಕಾಗಲ್ಲ ಅಂತ ಜಂಬ ಪಟ್ಟೆ. ಈಗ ಸಂಜೆ ಕ್ಲಾಸಿಗೆ ಸೇರಿದೀನಿ. ಹತ್ತೊಂಬತ್ತರ ಹುಡುಗರ ಜೊತೆ ಕೂತ್ಕೋತೀನಿ. ಹೋದ ವಾರದ ಪರೀಕ್ಷೇಲಿ ಎರಡನೇ ಸ್ಥಾನ ಬಂತು."

ಡಾಕ್ಟರ್ ರಿಝೊ ಹಾಳೆಯನ್ನು ಮತ್ತೆ ಮಗುಚಿದರು. "ಕೇಳಿದಾಗ ಇಲ್ಲ ಅಂದ್ಯಲ್ಲ?"

"ನೀವು ಒಂದೇ ಸಲ ಕೇಳಿದ್ರಿ."

ಡಾಕ್ಟರ್ ಪೆನ್ನಿನ ಕ್ಯಾಪ್ ತೆಗೆದು, "ನಿಧಾನವಾಗಿ ಹೇಳು, ಬರ್ಕೋತೀನಿ," ಎಂದರು.

ಮಾರ್ಚಿನಲ್ಲಿ ಸೀಟು ಸಿಕ್ಕ ಪತ್ರ ಬಂತು. ಆರ್ಡಿಸ್ ಚಿಕ್ಕಮ್ಮ ಅದನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, "ಅಂಕಕ್ಕೆ ಏನಂತ ಕಾರಣ ಕೊಟ್ಟೆ?" ಎಂದು ಕೇಳಿದಳು.

"ಓದಿರ್ಲಿಲ್ಲ ಅಂದೆ."

ಚಿಕ್ಕಮ್ಮ ಪತ್ರವನ್ನು ಮೆಲ್ಲಗೆ ಮಡಚಿದಳು. "ಭಾನುವಾರ ಪಾದ್ರಿಗಳ ಮುಂದೆ ಮಾತ್ರ ಅದನ್ನ ಹೇಳ್ಬೇಡ ಕಣೇ. ನಿನಗೆ ವಿಷಮಜ್ವರ ಬಂದಿತ್ತು ಅಂದಿದೀನಿ. ಮೂರು ವಾರ ಇಡೀ ಚರ್ಚು ನಿನಗೋಸ್ಕರ ಎದ್ದು ನಿಂತು ಪ್ರಾರ್ಥನೆ ಮಾಡಿದೆ."